ಮೈ ತುಂಬಿಕೊಂಡ ಕಲ್ಲುಗಳು

ಕಲ್ಲು ಸವೆಯುತ್ತದೆ, ಅದು ಅದರ ಹಣೆಬರಹ. ಮಳೆ ಬಿದ್ದಷ್ಟೂ, ಬಿಸಿಲು ಕಾದಷ್ಟೂ, ಹೊಗೆ ಕುಡಿದಷ್ಟೂ ಚೂರು ಚೂರೇ ಕರಗಿ ಹೋಗುತ್ತದೆ. ಹೊರಗಿಟ್ಟ ಕಲ್ಲು ತೂಕ ಹೆಚ್ಚಿಸಿಕೊಂಡಿದ್ದನ್ನು ಮಾತ್ರ ಕಲ್ಲಮ್ಮ ಇಷ್ಟು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. ಈಗ ಅವಳ ಕಣ್ಣೆದುರೇ, ತೂಕದ ಯಂತ್ರದ ಮೇಲೆ, ಅಂಗೈಯಗಲದ ಒಂದು ಬಿಳಿ ಬಿಲ್ಲೆ ಕಳೆದ ಸಲಕ್ಕಿಂತ ಭಾರವಾಗಿ ಕೂತಿತ್ತು. ಅದನ್ನು ಒಲೆಯಲ್ಲಿ ಮತ್ತೊಮ್ಮೆ ಒಣಗಿಸಿ ತೂಗಿದಳು. ಯಂತ್ರಕ್ಕೆ ಎರಡೇಟು ಕೊಟ್ಟು ತೂಗಿದಳು. ಯಂತ್ರ ಸುಳ್ಳು ಹೇಳುತ್ತಿದೆಯೇನೋ ಎಂದು ಪೆಟ್ಟಿಗೆಯಲ್ಲಿದ್ದ ಹಿತ್ತಾಳೆಯ ತೂಕದ ಬಟ್ಟನ್ನು ಇಟ್ಟು ನೋಡಿದಳು. ಬಟ್ಟಿನ ತೂಕ ಸರಿಯಾಗಿಯೇ ಬಂತು. ಯಂತ್ರದ್ದೇನೂ ತಪ್ಪಿಲ್ಲ, ಕೆಟ್ಟಿರುವುದು ಕಲ್ಲಿನ ಬುದ್ಧಿ.

ಕಲ್ಲಮ್ಮ ಅನ್ನುವುದು ಹುಟ್ಟಿದಾಗ ಇಟ್ಟ ಹೆಸರಲ್ಲ. ಊರಿನ ಕಟ್ಟಡ ಇಲಾಖೆಯ ಪರೀಕ್ಷಾಲಯದಲ್ಲಿ ಕಲ್ಲು ಪರೀಕ್ಷೆ ಮಾಡುವ ಕೆಲಸ ಅವಳದು. ಮೊದಲು ಬೆನ್ನ ಹಿಂದೆ ಹಾಗೆ ಕರೆಯುತ್ತಿದ್ದರು, ಆಮೇಲೆ ಮುಖಕ್ಕೇ ಕರೆದರು. ಈಗ ಜಗಳವಾದಾಗ ಗಂಡನೂ ಹಾಗೇ ಕರೆಯುತ್ತಾನೆ. ಮೂರು ವರ್ಷದಿಂದ ಅವಳು ಒಂದೇ ಮಾತನ್ನು ಹಿಡಿದು ಕೂತಿದ್ದರಿಂದ ಆ ಹೆಸರು ಇನ್ನಷ್ಟು ಗಟ್ಟಿಯಾಯಿತು.

ಆ ಮಾತು ಇಷ್ಟೇ. ಅವಳ ಮನೆಯಿಂದ ಎರಡು ಬೀದಿ ಆಚೆ ಮಕ್ಕಳ ಆಸ್ಪತ್ರೆ ಏಳುತ್ತಿತ್ತು. ಅದರ ಮುಂಗೋಡೆಗೆ, ಅಂತಸ್ತಿನ ಮೇಲೆ ಅಂತಸ್ತಿಗೆ, ಬೆಟ್ಟದ ಕ್ವಾರಿಯ ಬಿಳಿ ಸುಣ್ಣದ ಕಲ್ಲಿನ ಚಪ್ಪಡಿ ತೂಗುಹಾಕಬೇಕು ಎಂಬುದು ಮುಖ್ಯ ಇಂಜಿನಿಯರರ ಆಸೆ. ಪ್ರತಿ ಚಪ್ಪಡಿಗೂ ಕಬ್ಬಿಣದ ಸರಳು ಹೂತು, ಆ ಸರಳನ್ನು ಗೋಡೆಗೆ ಬಿಗಿದು ನಿಲ್ಲಿಸುವುದು. ಕಲ್ಲು ಚೆಂದವೇ, ಹಾಲಿನ ಕೆನೆಯ ಬಣ್ಣ. ಕಲ್ಲಮ್ಮ ಮಾತ್ರ ಬೇಡ ಎಂದಳು, ಬೂದು ಗ್ರಾನೈಟ್ ಹಾಕಿ ಎಂದಳು.

"ಬೆಟ್ಟದೂರಲ್ಲಿ ಇದೇ ಕಲ್ಲಿನ ಕೋಟೆ ಮುತ್ತಜ್ಜಂದಿರ ಕಾಲದಿಂದ ನಿಂತಿದೆ ಮೇಡಂ. ನೀವೊಬ್ಬರಿಗೇ ಅದು ಬಿದ್ದುಹೋಗೋ ಹಾಗೆ ಕಾಣುತ್ತೆ" ಎಂದು ಇಂಜಿನಿಯರ್ ನಕ್ಕಿದ್ದರು.

"ಅಲ್ಲಿ ಮಳೆ ಅನ್ನೋದು ನೆಂಟರ ಹಾಗೆ ಸರ್, ಯಾವಾಗಲೋ ಬರುತ್ತೆ, ಬೇಗ ಹೋಗುತ್ತೆ. ಚಳಿ ಬೇರೆ. ನಮ್ಮೂರಲ್ಲಿ ಅರ್ಧ ವರ್ಷ ಮಳೆ, ಇನ್ನರ್ಧ ಬೆವರು. ಅದರ ಮೇಲೆ ಫೌಂಡ್ರಿ ಹೊಗೆ. ಆ ಹೊಗೆ ನೀರಲ್ಲಿ ಸೇರಿದ್ರೆ ನೀರೇ ಹುಳಿಯಾಗುತ್ತೆ. ಸೆಕೆ ಜಾಸ್ತಿಯಾದಷ್ಟೂ ಹುಳಿಯ ಕೆಲಸ ಚುರುಕು. ಅದೇ ಉಪ್ಪು ಡಬ್ಬದಲ್ಲಿದ್ರೆ ಹತ್ತು ವರ್ಷ ಇರುತ್ತೆ, ಒದ್ದೆ ಕಟ್ಟೆ ಮೇಲಿಟ್ರೆ ಬೆಳಗಾಗೋದ್ರಲ್ಲಿ ನೀರು."

"ಉಪ್ಪಿಗೂ ಕಲ್ಲಿಗೂ ವ್ಯತ್ಯಾಸ ಗೊತ್ತಿಲ್ಲದೋರಿಗೆ ಪರೀಕ್ಷಾಲಯ ಕೊಟ್ಟಿದ್ದಾರಲ್ಲಪ್ಪ" ಎಂದು ಅವರು ಛಾವಣಿಯ ಕಡೆ ನೋಡಿ ಹೇಳಿದ್ದರು.

ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಹಾಗೆಂದು ಅವಳದು ಕಟ್ಟುಕತೆಯಲ್ಲ. ಊರಿನ ಹಳೆಯ ಅಂಚೆ ಕಚೇರಿಯೂ ಅದೇ ಕಲ್ಲಿನದು. ಒಂದು ಬೆಳಿಗ್ಗೆ ಅದರ ಮೂರನೇ ಅಂತಸ್ತಿನಿಂದ ಚಪ್ಪಡಿಯೊಂದು ಕಳಚಿಬಿದ್ದು, ಕೆಳಗೆ ನಿಲ್ಲಿಸಿದ್ದ ಸೈಕಲ್ಲು ಹಪ್ಪಳವಾಗಿತ್ತು. ಸೈಕಲ್ಲಿನವನು ಅಂಚೆಚೀಟಿಗೆಂದು ಒಳಗೆ ಹೋಗಿದ್ದರಿಂದ ಉಳಿದುಕೊಂಡ. ವಿಚಾರಣೆಗೆ ಹೋದಾಗ ಅಂಚೆಯಣ್ಣನಿಂದ ಹಿಡಿದು ಇಂಜಿನಿಯರರವರೆಗೆ ಎಲ್ಲರದೂ ಒಂದೇ ರಾಗ: "ನಿನ್ನೆವರೆಗೂ ಗಟ್ಟಿಯಾಗೇ ಇತ್ತಲ್ಲ!" ಆ ಮಾತು ಕೇಳಿ ಕೇಳಿ ಕಲ್ಲಮ್ಮನಿಗೆ ತಲೆ ಚಿಟ್ಟು ಹಿಡಿದಿತ್ತು. ನಿನ್ನೆವರೆಗೂ ಗಟ್ಟಿಯಾಗಿರದೆ ಯಾವ ಕಲ್ಲು ಇವತ್ತು ಬೀಳುತ್ತದೆ?

ಕೊನೆಗೆ ಒಪ್ಪಂದವಾಗಿದ್ದು ಹೀಗೆ: ಎರಡೂ ಕಲ್ಲಿನ ಬಿಲ್ಲೆಗಳನ್ನು ಇದೇ ಊರಿನ ಬಿಸಿಲು ಮಳೆಗೆ ಇಡುವುದು, ಆಗಾಗ ತೂಗುವುದು, ಬಿಳಿ ಕಲ್ಲು ಸವೆದರೆ ಗ್ರಾನೈಟ್, ಸವೆಯದಿದ್ದರೆ ಬಿಳಿ ಕಲ್ಲು. ಪರೀಕ್ಷಾಲಯದ ಸಹಿ ಇಲ್ಲದೆ ಗೋಡೆಗೆ ಕಲ್ಲು ಹತ್ತುವಂತಿಲ್ಲ. ಪರೀಕ್ಷಾಲಯದ ಛಾವಣಿ ಸೋರುತ್ತಿದ್ದುದರಿಂದ ಅಲ್ಲಿಗೆ ಹತ್ತುವುದೇ ನಿಷಿದ್ಧವಾಗಿತ್ತು. ಹಾಗಾಗಿ ಬಿಲ್ಲೆಗಳೆಲ್ಲ ಮರದ ಚೌಕಟ್ಟಿನಲ್ಲಿ ಕೂತು ಕಲ್ಲಮ್ಮನ ಮನೆಯ ತಾರಸಿ ಸೇರಿದವು. ಸರಳನ್ನು ಎಳೆದು ನೋಡಲೆಂದು ಎರಡು ದಪ್ಪ ಬಿಳಿ ಕಲ್ಲಿಗೆ ಸರಳು ಹೂತು ಇಟ್ಟಿದ್ದಳು. ಎಳೆಯುವ ಯಂತ್ರ ಕೆಟ್ಟಿತು. ರಿಪೇರಿಗೆ ಬರೆದಳು, ಮತ್ತೆ ಬರೆದಳು, ಬರೆಯುವುದನ್ನು ಬಿಟ್ಟಳು. ಆ ಎರಡು ಕಲ್ಲು ಮನೆಯ ಮೆಟ್ಟಿಲ ಕೆಳಗೆ ಮೂಲೆ ಸೇರಿದವು.

ಮೊದಲ ಮಳೆಗಾಲ ಎಲ್ಲವೂ ಅವಳು ಹೇಳಿದಂತೆಯೇ ನಡೆಯಿತು. ಗ್ರಾನೈಟ್ ಕದಲಲಿಲ್ಲ, ಬಿಳಿ ಕಲ್ಲು ಪ್ರತಿ ಸಲವೂ ಇಳಿಯಿತು. ಆಮೇಲೆ ಇಳಿಯುವುದು ನಿಂತಿತು. ಈಗ ನೋಡಿದರೆ, ನಾಳೆ ಸಹಿ ಹಾಕಬೇಕು ಅನ್ನುವಾಗ, ಏರಿಯೇ ಬಿಟ್ಟಿದೆ.

ಸುದ್ದಿ ಕೇಳಿ ಇಂಜಿನಿಯರ್ ಖುದ್ದು ಪರೀಕ್ಷಾಲಯಕ್ಕೆ ಬಂದರು. ಅವರ ಮುಖದಲ್ಲಿ ಮೊಮ್ಮಗ ಹುಟ್ಟಿದಷ್ಟು ಸಂತೋಷವಿತ್ತು.

"ನಾನು ಹೇಳಿರಲಿಲ್ವಾ? ಮೊದಮೊದಲು ಸ್ವಲ್ಪ ಇಳಿಯುತ್ತೆ, ಹೊಸ ಜಾಗ ನೋಡಿ. ಈಗ ಕಲ್ಲಿಗೂ ನಮ್ಮೂರು ಒಗ್ಗಿಬಿಟ್ಟಿದೆ."

"ಕಲ್ಲಿಗೆ ಊರು ಒಗ್ಗೋದು ಅಂದ್ರೇನು ಸರ್? ಅದೇನು ಹಾಸ್ಟೆಲ್‌ಗೆ ಸೇರಿದ ಹುಡುಗಿನಾ?"

"ಲೆಕ್ಕ ನಿಮ್ಮದೇ, ತೂಗಿದ್ದೂ ನೀವೇ. ನಿಮ್ಮ ಲೆಕ್ಕ ನೀವೇ ನಂಬದಿದ್ರೆ ನಾನೇನು ಮಾಡ್ಲಿ? ನಾಳೆ ಹತ್ತೂವರೆಗೆ ಸಹಿ." ಅವರು ಹೊರಟೇಹೋದರು. ಬಾಗಿಲಲ್ಲಿ ಸಣ್ಣಗೆ ಸಿಳ್ಳೆಯೂ ಕೇಳಿಸಿತು.

ಕಲ್ಲಮ್ಮ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು ಹೊರಗೆ ಬಂದಳು. ಸಿಟ್ಟಿಗೆ ಬಸ್ಸು ಹತ್ತದೆ ನಡೆದಳು. ನಾಳೆ ತಾನು ಸಹಿ ಹಾಕಬೇಕು, ತನ್ನ ಸಹಿಯ ಕೆಳಗೆ ಚಪ್ಪಡಿಗಳು ತೂಗಬೇಕು, ಅವುಗಳ ಕೆಳಗೆ ಜ್ವರದ ಮಕ್ಕಳನ್ನು ಎತ್ತಿಕೊಂಡ ತಾಯಂದಿರು ನಿಲ್ಲಬೇಕು. ಅಂಚೆ ಕಚೇರಿಯ ಎದುರು ಬಂದಾಗ ಅಭ್ಯಾಸದಂತೆ ತಲೆ ಎತ್ತಿದಳು. ಮಳೆ ರಾಚುವ ಕಡೆ ಗೋಡೆ ತೊಳೆದಂತೆ ಬೆಳ್ಳಗೆ, ತಿಂದಂತೆ ಒರಟು. ಸಜ್ಜಾದ ಅಡಿಯಲ್ಲಿ, ಮಳೆ ತಾಗದ ಕಡೆ, ಕಪ್ಪು ಹಕ್ಕಳೆ.

ಅವಳು ನಿಂತಲ್ಲೇ ನಿಂತಳು. ಮುಷ್ಟಿ ಬಿಚ್ಚಿ ಬಿಲ್ಲೆಯನ್ನು ಬೆಳಕಿಗೆ ಹಿಡಿದಳು. ಅದರ ಮೈಮೇಲೆ ತೆಳ್ಳಗೆ, ಬೂದಿ ಸವರಿದಂತೆ, ಅದೇ ಕಪ್ಪು. ಹೊಗೆಯ ಗಂಧಕ ಸುಣ್ಣದ ಕಲ್ಲಿಗೆ ಹತ್ತಿದರೆ ಮೇಲ್ಮೈ ಜಿಪ್ಸಂ ಆಗಿ ಹಕ್ಕಳೆ ಕಟ್ಟುತ್ತದೆ, ಮಸಿಯನ್ನೂ ಹಿಡಿದುಕೊಂಡು ತೂಕ ಏರುತ್ತದೆ. ಮಳೆ ಬಿದ್ದರೆ ಅದೆಲ್ಲ ತೊಳೆದು ಹೋಗುತ್ತದೆ. ಹೋಗಿಲ್ಲ ಅಂದರೆ ಮಳೆ ಬಿದ್ದಿಲ್ಲ. ಅರ್ಧ ವರ್ಷ ಮಳೆ ಸುರಿಯುವ ಊರಲ್ಲಿ, ತಾರಸಿಯ ನಟ್ಟನಡುವೆ, ಈ ಕಲ್ಲಿನ ಮೇಲೆ ಮಳೆ ಬಿದ್ದಿಲ್ಲ!

ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು. ಕಲ್ಲಮ್ಮ ಆಟೋ ಹಿಡಿದಳು. ಹಗಲು ಹೊತ್ತಿನಲ್ಲಿ ಅವಳು ಮನೆಗೆ ಹೋದದ್ದು ಯಾವ ಕಾಲಕ್ಕೋ.

ತಾರಸಿಗೆ ಹತ್ತಿದರೆ ಅಲ್ಲಿ ಅತ್ತೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಟ್ಟೆ ಒಣಹಾಕುವ ತಂತಿಯ ಮೇಲಿಂದ ಒಂದು ದೊಡ್ಡ ಫ್ಲೆಕ್ಸ್ ಹಾಳೆಯನ್ನು ಇಳಿಬಿಡುತ್ತಿದ್ದರು. ಯಾವುದೋ ಹಲ್ಲುಪುಡಿಯ ಜಾಹೀರಾತು. ಮಂಚದಷ್ಟು ಅಗಲದ ನಗು. ಹಾಳೆ ಇಳಿಜಾರಾಗಿ ಚೌಕಟ್ಟಿನ ಮೇಲೆ ಹಾದು ಮೋಟುಗೋಡೆಯವರೆಗೆ ಬಂದಿತ್ತು. ಆ ಮೂವತ್ತೆರಡು ಹಲ್ಲಿನ ಕೆಳಗೆ ಕಲ್ಲಮ್ಮನ ಕಲ್ಲುಗಳು ಬೆಚ್ಚಗೆ ಕೂತಿದ್ದವು.

"ಅತ್ತೇ!"

ಅತ್ತೆ ಬೆಚ್ಚಿಬಿದ್ದರು. "ಅಯ್ಯೋ, ಇಷ್ಟು ಬೇಗ ಬಂದ್ಯಾ? ಹುಷಾರಿಲ್ವೇನೇ?"

"ಏನ್ ಮಾಡ್ತಿದ್ದೀರ ಇದು?"

"ಮಳೆ ಬರ್ತಿದೆಯಲ್ಲೇ, ಕಣ್ಣು ಕಾಣಲ್ವಾ?"

"ಕಲ್ಲುಗಳನ್ನ ಮುಟ್ಟಬೇಡಿ ಅಂತ ಹೇಳಿರಲಿಲ್ವಾ ನಾನು?"

"ಮುಟ್ಟೇ ಇಲ್ಲ ಕಣೇ, ಆಣೆ ಬೇಕಾದ್ರೆ ಇಡ್ತೀನಿ. ಮೇಲೆ ಚಪ್ಪರ ಹಾಕ್ದೆ ಅಷ್ಟೆ."

ಕಲ್ಲಮ್ಮ ಮೋಟುಗೋಡೆಯ ಮೇಲೆ ಕುಸಿದು ಕೂತಳು. ಅತ್ತೆ ಹತ್ತಿರ ಬಂದು ಅವಳ ಹಣೆ ಮುಟ್ಟಿ ನೋಡಿದರು.

"ಮೊದಲ್ನೇ ವರ್ಷ ಪ್ರತಿ ಸಲ ತೂಗಿ ಬಂದಾಗ್ಲೂ ನಿನ್ನ ಬಾಯಲ್ಲಿ ಒಂದೇ ಮಾತು, 'ಮತ್ತೆ ಇಳಿದಿದೆ, ಮತ್ತೆ ಇಳಿದಿದೆ' ಅಂತ. ಊಟ ಸೇರ್ತಿರಲಿಲ್ಲ, ಆ ಇಂಜಿನಿಯರ್‌ನ ಬೈಕೊಂಡು ತಿರುಗ್ತಿದ್ದೆ. ಸರ್ಕಾರದ ಕಲ್ಲು, ಇವಳ ಕೈಗೆ ಕೊಟ್ಟಿದ್ದಾರೆ, ಸವೆದುಹೋದ್ರೆ ಇವಳ ತಲೆಗೆ ತಾನೇ ಕಟ್ತಾರೆ ಅಂತ ನಂಗೆ ಜೀವ ಹಿಂಡಿದಹಾಗಾಯ್ತು. ಸೊಸೆ ಕಷ್ಟ ಸೊಸೆಗೇ ಅಂತ ಕೈಕಟ್ಟಿ ಕೂರೋ ಅತ್ತೆ ಅಲ್ಲ ನಾನು. ಈ ಎರಡು ಮಳೆಗಾಲ ಒಂದು ಹನಿ ಬೀಳೋಕೆ ಬಿಟ್ಟಿದ್ರೆ ಕೇಳು. ರಾತ್ರಿ ಗುಡುಗಿದ್ರೂ ಎದ್ದು ಬಂದಿದ್ದೀನಿ. ನೀನು ಮೇಲೆ ಬರೋ ಮುಂಚೆ ಎಲ್ಲ ಸುತ್ತಿ ಬಚ್ಚಿಟ್ಟಿದ್ದೀನಿ. ನೋಡು, ಎಷ್ಟು ಚೆನ್ನಾಗಿ ಮೈ ತುಂಬಿಕೊಂಡಿವೆ!"

ಎಲ್ಲವೂ ನೀರಿನಲ್ಲಿ ಮಾಡಿದ ಹೋಮ. ಕಲ್ಲಮ್ಮನಿಗೆ ಅಳು ಬಂತೋ ನಗು ಬಂತೋ ಅವಳಿಗೇ ತಿಳಿಯಲಿಲ್ಲ. ಶತ್ರುಗಳು ಕೆಡಿಸಿದ್ದರೆ ಜಗಳವಾದರೂ ಆಡಬಹುದಿತ್ತು. ಮೊಣಕಾಲು ನೋವಿನ ಅತ್ತೆ ನಡುರಾತ್ರಿ ಮೆಟ್ಟಿಲು ಹತ್ತಿ ಬಂದು ಪ್ರೀತಿಯಿಂದ ಕೆಡಿಸಿದ್ದನ್ನು ಯಾವ ಕೋರ್ಟಿಗೆ ಒಯ್ಯುವುದು?

ಅಷ್ಟರಲ್ಲಿ ಗಂಡ ಊಟಕ್ಕೆಂದು ಬಂದವನು ಮೇಲೆ ಹತ್ತಿದ. ಅವನು ಬಸ್ ಡಿಪೋದ ಮೆಕ್ಯಾನಿಕ್. ಹೆಂಡತಿಯ ಮುಖ ನೋಡಿದವನೇ ಬಂದ ದಾರಿಯಲ್ಲೇ ತಿರುಗಿದ.

"ನಿಲ್ಲಿ ಅಲ್ಲೇ! ಆ ಫ್ಲೆಕ್ಸ್ ಡಿಪೋದಲ್ಲಿತ್ತಲ್ವಾ? ಅತ್ತೆಗೆ ಎಲ್ಲಿಂದ ಬಂತು?"

"ನಾನೇ ತಂದುಕೊಟ್ಟೆ" ಎಂದ ಅವನು ಗೋಡೆಯ ಕಡೆ ಮುಖ ಮಾಡಿ. "ನಿಂಗೆ ಹೇಳ್ಬೇಡ, ಖುಷಿಯಾಗ್ಲಿ ಅಂತ ಅಂದ್ರು ಅಮ್ಮ."

"ನನ್ನ ಜೊತೆ ಇಷ್ಟು ವರ್ಷ ಬಾಳಿದ್ದೀರಲ್ಲ, ಈ ಕಲ್ಲುಗಳು ಇಲ್ಯಾಕೆ ಇವೆ ಅಂತ ಒಂದು ದಿನನಾದ್ರೂ ಕೇಳಿದ್ರಾ?"

"ನೀನು ಹೇಳ್ತಾನೇ ಇದ್ಯಲ್ಲ, ನಾನು ಕೇಳೋದೆಲ್ಲಿ ಬಂತು? ಆ ಜಿಪ್ಸಂ ಅಂತೆಲ್ಲ ಶುರುವಾದ್ರೆ ನಂಗೆ ನಿದ್ದೆ ಬರುತ್ತೆ."

ಮೊದಲ ಹನಿಗಳು ಬಿದ್ದವು. ಅತ್ತೆ ಅಭ್ಯಾಸಬಲದಿಂದ ಓಡಿ, ಹಾರುತ್ತಿದ್ದ ಹಾಳೆಯ ಕೆಳಗಿನ ಮೂಲೆಯ ಮೇಲೆ ಒಂದು ದಪ್ಪ ಕಲ್ಲನ್ನು ತಂದಿಟ್ಟರು. ಪಾತ್ರೆಯನ್ನು ಕಿವಿ ಹಿಡಿದು ಎತ್ತುವಂತೆ, ಕಲ್ಲಿನಿಂದ ಹೊರಬಂದಿದ್ದ ಸರಳನ್ನೇ ಹಿಡಿದು ಎತ್ತಿದ್ದರು. ಇನ್ನೊಂದು ಮೂಲೆಗೂ ಅಂಥದೇ ಇನ್ನೊಂದು.

"ಅದೆಲ್ಲಿಂದ ಬಂತು ಅತ್ತೆ?"

"ಮೆಟ್ಟಿಲ ಕೆಳಗೆ ಸುಮ್ನೆ ಬಿದ್ದಿದ್ವು. ಹಿಡಿಕೆ ಇತ್ತು, ಅನುಕೂಲ ಆಯ್ತು."

ಕಲ್ಲಮ್ಮ ಮೊಣಕಾಲೂರಿ ಕೂತು ನೋಡಿದಳು. ಫ್ಲೆಕ್ಸಿನ ಮೇಲೆ ಬಿದ್ದ ನೀರೆಲ್ಲ ಇಳಿದು ಬಂದು ಈ ಎರಡು ಕಲ್ಲುಗಳ ಮೇಲೇ ಹರಿಯುತ್ತಿತ್ತು. ಎರಡು ಮಳೆಗಾಲ ಹೀಗೇ ಹರಿದಿದೆ. ಅವಳು ಉಳಿಯಿಂದ ಕೆತ್ತಿಸಿದ್ದ ಗುರುತು ಮಾಯವಾಗಿತ್ತು. ಅಂಚುಗಳು ಬಳಸಿದ ಸೋಪಿನಂತೆ ಉರುಟಾಗಿದ್ದವು. ಕಲ್ಲಿನೊಳಗೆ ಯಾವ ಕಾಲದಿಂದಲೋ ಹುದುಗಿದ್ದ ಸಣ್ಣ ಚಿಪ್ಪುಗಳು, ಸುತ್ತಲ ಸುಣ್ಣ ಕರಗಿ, ಮೇಲೆದ್ದು ಕೈಗೆ ಚುಚ್ಚುತ್ತಿದ್ದವು. ಕೆಳಗೆ ಒಣಗಿದ ಬಿಲ್ಲೆಗಳಿಗೆ ಕಪ್ಪು ಹಕ್ಕಳೆ, ಅಂಚಿನಲ್ಲಿ ನೀರು ಕುಡಿದ ಕಲ್ಲಿಗೆ ಈ ಗತಿ.

ನೀರು ಹೀಗೆ ಇಳಿಜಾರಿನಿಂದ ಒಂದೇ ಕಡೆ ಇಳಿಯುವುದನ್ನು ಎಲ್ಲಿ ನೋಡಿದ್ದೇನೆ ಎಂದು ಯೋಚಿಸಿದಳು. ಆಸ್ಪತ್ರೆಯ ನಕ್ಷೆಯಲ್ಲಿ! ಮುಂಬಾಗಿಲ ಮೇಲೆ ಇಂಜಿನಿಯರ್ ಆಸೆಪಟ್ಟು ಬರೆಸಿದ ಅಗಲವಾದ ಇಳಿಜಾರು ಸಜ್ಜಾ. ಅದರ ಮೇಲಿನ ನೀರೆಲ್ಲ ಕೆಳಗಿನ ಒಂದು ಸಾಲು ಚಪ್ಪಡಿಗೇ ಇಳಿಯುತ್ತದೆ. ಅತ್ತೆ ಗೊತ್ತಿಲ್ಲದೆ ತಾರಸಿಯ ಮೇಲೆ ಅದನ್ನೇ ಕಟ್ಟಿಬಿಟ್ಟಿದ್ದರು.

ಅವಳು ಅಲ್ಲೇ ಕೂತು ಫೋನ್ ಮಾಡಿದಳು. "ಸರ್, ನಾಳೆ ಸಹಿಗೆ ಮುಂಚೆ ನಮ್ಮನೆ ತಾರಸಿಗೆ ಬರಬೇಕು. ಬರದಿದ್ರೆ ಸಹಿ ಇಲ್ಲ."

ಮಾರನೇ ಬೆಳಿಗ್ಗೆ ಇಂಜಿನಿಯರ್ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ಸಹಿಯ ಕಾಗದ ಕಂಕುಳಲ್ಲೇ ಇತ್ತು. ಕಲ್ಲಮ್ಮ ಒಂದನ್ನೂ ಮುಚ್ಚಿಡದೆ ಹೇಳಿದಳು: ಅತ್ತೆ, ಫ್ಲೆಕ್ಸ್, ಹಕ್ಕಳೆ, ಅಂಚಿನ ಕಲ್ಲು, ಸಜ್ಜಾ. ಅತ್ತೆ ತಂತಿಯ ಹತ್ತಿರ ತಪ್ಪು ಮಾಡಿದ ಮಗುವಿನಂತೆ ನಿಂತಿದ್ದರು. ಗಂಡ ಡಿಪೋಗೆ ತಡವಾಯಿತೆಂದು ಎಂದಿಗಿಂತ ಬೇಗ ಹೋಗಿದ್ದ.

ಇಂಜಿನಿಯರ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಂದ್ರೆ ಮೇಡಂ, ಸರ್ಕಾರದ ಪರೀಕ್ಷೆ ನಡೆಸಿದ್ದು ನಿಮ್ಮ ಅತ್ತೆ!"

"ನಗಬೇಡಿ ಸರ್. ಈ ಕಲ್ಲು ನೋಡಿ. ಗುರುತು ಎಲ್ಲಿದೆ ತೋರಿಸಿ."

ಅವರು ಬಗ್ಗಿ, ಹೆಬ್ಬೆರಳಿನಿಂದ ಒರಟು ಮೈಯನ್ನು ಸವರಿದರು. ಒಂದು ಗಳಿಗೆ ನಗು ನಿಂತಿತು. ಆಮೇಲೆ ಸೊಂಟ ನೆಟ್ಟಗೆ ಮಾಡಿಕೊಂಡರು.

"ಮೇಲೆ ಸ್ವಲ್ಪ ಒರಟಾಗಿದೆ, ಒಪ್ಕೋತೀನಿ. ಮುಖಕ್ಕೆ ನಾಲ್ಕು ಸುಕ್ಕು ಬಂದ ಮಾತ್ರಕ್ಕೆ ಮನುಷ್ಯ ಬಿದ್ದುಹೋಗ್ತಾನಾ? ಒಳಗೆ ಗಟ್ಟಿ ಇದೆಯಲ್ಲ."

"ಒಳಗೆ ಹೇಗಿದೆ ಅಂತ ಎಳೆದು ನೋಡೋಣ ಅಂದ್ರೆ ಯಂತ್ರ ರಿಪೇರಿ ಮಾಡಿಸಿಲ್ಲ ನೀವು."

"ಮಾಡಿಸೋಣ. ಅಲ್ಲಿವರೆಗೆ ಆಸ್ಪತ್ರೆ ನಿಲ್ಲಿಸೋಕಾಗುತ್ತಾ? ನಿಮ್ಮ ಮನೆ ತಾರಸಿ ಲೆಕ್ಕ ಹಿಡಿದು ನಾನು ಮೇಲಿನೋರಿಗೆ ಏನಂತ ಹೇಳ್ಲಿ? ಸೊಸೆ ಮೇಲಿನ ಪ್ರೀತಿಗೆ ಕಲ್ಲು ಸವೀತು ಅಂತ ಬರೀಲಾ?" ಅವರು ಕಾಗದವನ್ನು ಮುಂದೆ ಹಿಡಿದರು. "ಪೆನ್ನು ಇದೆಯಾ, ನನ್ನದು ಕೊಡ್ಲಾ?"

ಕಲ್ಲಮ್ಮನಿಗೆ ಮೈಯೆಲ್ಲ ಉರಿಯಿತು. ಮೂರು ವರ್ಷ ಬಾಯಿ ನೋವಾಗುವಂತೆ ಹೇಳಿದ್ದಕ್ಕೆ ಬೆಲೆ ಇಲ್ಲ, ಕಲ್ಲು ತಾನೇ ಮೈ ತೋರಿಸಿದ್ದಕ್ಕೂ ಬೆಲೆ ಇಲ್ಲ. ಪೆನ್ನು ಮುಟ್ಟದೆ ಕೈ ಕಟ್ಟಿಕೊಂಡಳು.

ಆಗ ಪಟಪಟನೆ ಮಳೆ ಬಂತು. ಗಾಳಿಗೆ ಫ್ಲೆಕ್ಸ್ ಎದ್ದು ಇಂಜಿನಿಯರರ ಮುಖಕ್ಕೆ ಬಡಿಯಿತು.

"ಅಯ್ಯಯ್ಯೋ, ಸಾಹೇಬ್ರು ನೆನೀತಾರೆ!" ಅತ್ತೆ ಎರಡು ವರ್ಷದ ರೂಢಿಯಂತೆ ಧಾವಿಸಿದರು. ಒಂದು ಕೈಯಲ್ಲಿ ಹಾಳೆಯ ಮೂಲೆ ಹಿಡಿದು, ಇನ್ನೊಂದು ಕೈಯಿಂದ ದಪ್ಪ ಕಲ್ಲನ್ನು ಅದರ ಸರಳು ಹಿಡಿದು ಎತ್ತಿದರು. ಕಲ್ಲು ಸೊಂಟದ ಎತ್ತರಕ್ಕೆ ಬಂತು, ಇಂಜಿನಿಯರರ ಪಕ್ಕಕ್ಕೆ ಬಂತು. ಅಷ್ಟರಲ್ಲಿ ಸರಳು ಮಾತ್ರ ಅತ್ತೆಯ ಕೈಯಲ್ಲಿ ಉಳಿಯಿತು.

ಕಲ್ಲು ಧಡ್ ಎಂದು ಬಿತ್ತು. ಇಂಜಿನಿಯರರ ಬೂಟಿನ ತುದಿಗೆ ಒಂದು ಗೇಣು ಈಚೆ, ತಾರಸಿಯ ಹೆಂಚು ಒಡೆದು, ಕಲ್ಲು ಎರಡು ಹೋಳಾಯಿತು. ಸರಳು ಕೂತಿದ್ದ ಗುಂಡಿ ಬಾಯಿ ತೆರೆದುಕೊಂಡಿತು. ಸರಳನ್ನು ಹಿಡಿದಿಡಬೇಕಿದ್ದ ಗಾರೆ ಒಳಗೆ ಇರಲಿಲ್ಲ. ತುಕ್ಕು ಬೆರೆತ ಕೆಂಪು ನೀರು ಮತ್ತು ಒದ್ದೆ ಸುಣ್ಣದ ಹಿಟ್ಟು ಇತ್ತು, ಅಷ್ಟೇ.

ಇಂಜಿನಿಯರ್ ಕಾಲು ಹಿಂದಕ್ಕೆಳೆದುಕೊಳ್ಳುವುದನ್ನೂ ಮರೆತರು. ಅತ್ತೆ ಕೈಯಲ್ಲಿದ್ದ ಸರಳನ್ನೇ ಪಿಳಿಪಿಳಿ ನೋಡಿದರು.

"ಇದೇನಾಯ್ತಪ್ಪ" ಎಂದರು. "ನಿನ್ನೆವರೆಗೂ ಗಟ್ಟಿಯಾಗೇ ಇತ್ತಲ್ಲ!"

ಇಂಜಿನಿಯರ್ ಮೆಲ್ಲಗೆ ತಲೆ ಎತ್ತಿ, ಎರಡು ಬೀದಿ ಆಚೆ ಕಾಣುತ್ತಿದ್ದ ಆಸ್ಪತ್ರೆಯ ಕಡೆ ನೋಡಿದರು. ಇನ್ನೂ ಕಲ್ಲು ಹತ್ತದ ಆ ಗೋಡೆಯ ಮೇಲೆ ಮಳೆ ಇಳಿಯುತ್ತಿತ್ತು. ಮಳೆಯಲ್ಲಿ ಸಹಿಯ ಕಾಗದ ನೆನೆದು ಅವರ ಬೆರಳಿಗೆ ಅಂಟಿಕೊಂಡಿತ್ತು.

"ಸಜ್ಜಾ ಕೆಳಗೇ ಅಲ್ವಾ ಹೊರರೋಗಿಗಳ ಸಾಲು?" ಎಂದು ಕೇಳಿದರು. ದನಿ ಇಳಿದಿತ್ತು.

"ಅಲ್ಲೇ ಸರ್. ಮಕ್ಕಳನ್ನ ಎತ್ಕೊಂಡು ಅಲ್ಲೇ ನಿಲ್ಲೋದು."

ಅವರು ಕಾಗದವನ್ನು ಎರಡಾಗಿ, ನಾಲ್ಕಾಗಿ ಮಡಚಿ ಜೇಬಿಗೆ ತುರುಕಿದರು. "ಗ್ರಾನೈಟ್‌ದು ಬೇರೆ ಕಾಗದ ಬರೆಸಿ ಮೇಡಂ. ಇವತ್ತೇ, ಮೊದಲು ನಾನೇ ಸಹಿ ಮಾಡ್ತೀನಿ."

ಮೂರು ವರ್ಷ ಕಾದಿದ್ದ ಮಾತು. ಕೇಳಿದಾಗ ಕಲ್ಲಮ್ಮನಿಗೆ ಸಿಟ್ಟೇ ಬಂತು. ಇಷ್ಟಕ್ಕೆ ಇವರ ಕಾಲ ಬುಡದಲ್ಲೇ ಬೀಳಬೇಕಾಯಿತಲ್ಲ ಎಂದು. ಹಾಳೆಯ ಮೂಲೆಯನ್ನು ಇನ್ನೂ ಹಿಡಿದೇ ನಿಂತಿದ್ದ ಅತ್ತೆ ಅವಳ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು: "ಉಳಿದವನ್ನ ಮುಚ್ಚಲೇನೇ, ಬಿಡಲೇನೇ?"

"ಬಿಡಿ ಅತ್ತೆ" ಎಂದಳು ಕಲ್ಲಮ್ಮ. "ನೆನೀಲಿ."